ನಾರ್ವೆಯಲ್ಲೂ ಕಡಕ್ ರೊಟ್ಟಿ

ಸುಡಾನ್ ದೇಶದ ಒಬ್ಬ ವಿದ್ಯಾರ್ಥಿ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗೆ ಇದ್ದ. ಓದುವುದಕ್ಕೆ ಆಫ್ರಿಕಾದಿಂದ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರಕ್ಕೆ ಬಹಳ ಜನ ಬರುತ್ತಾರೆ. ಕಾಲೇಜಿನ ಹತ್ತಿರ ಇವನಿಗೆ ಯಾರೂ ಮನೆ ಕೊಡಲಿಲ್ಲ. ಹುಡುಕುತ್ತಾ ಹುಡುಕುತ್ತಾ ಊರ ಹೊರಗಿನ ವಾಳೂಜ್ ತನಕ ಬಂದಿದ್ದ. ನಾನು ಅಲ್ಲಿ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆ. ನಾವು ಬಾಗಲಕೋಟೆ ಕಡೆಯವರು. ಪರವೂರಿನಲ್ಲಿ ಮನೆ ಕೇಳಿಕೊಂಡು ನಿಲ್ಲುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಅವನನ್ನು ನಾವು ಭಾಯಿ ಎಂದು ಕರೆದೆವು. ನನ್ನ ಹೆಂಡತಿಯನ್ನು ಅವನು ಅಕ್ಕಾ ಎಂದ.

ಬಂದ ವಾರದಲ್ಲೇ ಅವನನ್ನು ಊಟಕ್ಕೆ ಕರೆದಳು. ಊರಿನಿಂದ ತಂದಿಟ್ಟಿದ್ದ ಜೋಳದ ಕಡಕ್ ರೊಟ್ಟಿಯ ಮೇಲೆ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿಕೊಟ್ಟಳು. ಅವನು ಎಣ್ಣೆಗಾಯಿಯನ್ನೂ ಚಟ್ನಿಯನ್ನೂ ಬೆರಳಿನಿಂದ ಚೊಕ್ಕವಾಗಿ ಬಳಿದು ತಿಂದ. ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತ.

"ಅಕ್ಕಾ, ಪ್ಲೇಟ್ ಧೋವೂಂ ಕ್ಯಾ?" ಎಂದು ಹಿಂದಿಯಲ್ಲಿ ಕೇಳಿದ.

ತಾಟು ತೊಳೆಯಲೇ ಎಂದು! ನನ್ನ ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು. "ಅಯ್ಯ ನಮ್ಮಪ್ಪಾ, ಅದು ತಾಟಲ್ಲೊ, ರೊಟ್ಟಿ! ಮುರಕೊಂಡು ತಿನ್ನು."

ಅವನೂ ನಕ್ಕ. ಜೋಳದ ರೊಟ್ಟಿ ಎಂದು ಗೊತ್ತಾದ ಮೇಲೆ ಮೂಸಿ ನೋಡಿದ. ಅವನ ಊರಿನಲ್ಲೂ ಜೋಳದ ಹಿಟ್ಟಿನಿಂದ ಕಿಸ್ರಾ ಎಂಬ ತೆಳ್ಳನೆಯ ದೋಸೆ ಮಾಡುತ್ತಾರಂತೆ. ಜೋಳ ಮೊದಲು ಹುಟ್ಟಿದ್ದೇ ತಮ್ಮ ಕಡೆ ಎಂದ.

"ಹಂಗಾರ ತಿನ್ನೂದು ಯಾಕ ಮರತೀಯೋ?" ಎಂದಳು ಇವಳು.

ಅಂದಿನಿಂದ ಅವನು ನಮ್ಮ ಮನೆಯವನೇ ಆದ. ರೊಟ್ಟಿಯನ್ನು ಪುಡಿ ಮಾಡಿ ಮೊಸರಿನಲ್ಲಿ ನೆನೆಸಿ, ಮೇಲೆ ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ತಿನ್ನುವುದನ್ನು ಕಲಿತ. ಓದು ಮುಗಿಯುವ ಹೊತ್ತಿಗೆ ಅವನ ದೇಶದಲ್ಲಿ ಯುದ್ಧ ಶುರುವಾಗಿತ್ತು. ಮನೆಯವರು ಊರು ಬಿಟ್ಟು ಗಡಿ ದಾಟಿದ್ದರು. ವಾಪಸ್ ಹೋಗಲು ಅವನಿಗೆ ಊರೇ ಇರಲಿಲ್ಲ. ನಮ್ಮ ದೇಶದ ವೀಸಾ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ನಾರ್ವೆ ದೇಶದ ಉತ್ತರ ತುದಿಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು.

ಹೊರಡುವ ಮೊದಲು ಅವನನ್ನು ನಾಸಿಕಕ್ಕೆ ಕರೆದುಕೊಂಡು ಹೋದೆ. ನನ್ನ ಹೆಂಡತಿಯ ಅಣ್ಣ ಅಲ್ಲಿಯೇ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಮಳೆಗಾಲದ ಒಂದು ಬೆಳಗ್ಗೆ ನೆನೆದುಕೊಂಡು ಬಸ್ಸಿನಿಂದ ಇಳಿದ ಭಾಯಿ ಹಲ್ಲು ಕಟಕಟ ಎನ್ನಿಸುತ್ತಿದ್ದ.

ಭಾವ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಏನಪಾ, ನಾಸಿಕದ ಥಂಡೀಗೇ ಹಿಂಗಾದ್ರ ನಾರ್ವೆಯೊಳಗ ಏನ್ ಮಾಡ್ತಿ? ಬರ್ಫದಾಗ ಕುಲ್ಫಿ ಆಗ್ತೀ ನೋಡು!"

"ಕುಲ್ಫಿ ಆದ್ರ ನಿಮಗ ಪಾರ್ಸಲ್ ಮಾಡ್ತೀನ್ರಿ ಸಾಹೇಬ್ರ," ಎಂದ ಭಾಯಿ. ಕನ್ನಡವನ್ನು ಅವನು ನನ್ನ ಹೆಂಡತಿಯ ಬಾಯಿಂದ ಕಲಿತಿದ್ದ. ಹಾಗಾಗಿ ಸಿಟ್ಟು ಬಂದಾಗ ಅವಳ ಹಾಗೆಯೇ "ಹಾಳಾಗಲಿ" ಎನ್ನುತ್ತಿದ್ದ. ಭಾವ ತಮ್ಮ ಹಳೆಯ ಉಣ್ಣೆ ಕೋಟು ತಂದು ಅವನಿಗೆ ತೊಡಿಸಿ, ಗುಂಡಿ ತಾವೇ ಹಾಕಿದರು.

ಹೋದ ಹೊಸತರಲ್ಲಿ ಅವನು ದಿನಾ ವಿಡಿಯೋ ಕಾಲ್ ಮಾಡುತ್ತಿದ್ದ. ಮೊದಲ ಹಿಮ ಬಿದ್ದ ದಿನ ಕುಣಿದ. ಅಂಗಿಯ ಒಳಗೊಂದು ಉಣ್ಣೆಯ ಅಂಗಿ, ಬೂಟಿನ ಅಡಿಗೆ ಜಾರದ ಹಾಗೆ ಮೊಳೆಯ ಪಟ್ಟಿ. ಬಸ್ಸಿನಲ್ಲಿ ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ ಎಂದು ಹೇಳಿದಾಗ ನನ್ನ ಹೆಂಡತಿ, "ನಮ್ಮ ಸಂಭಾಜಿನಗರದ ಬಸ್ಸಿಗೆ ಅವರನ್ನ ಹತ್ತಸಬೇಕು," ಎಂದಳು.

ಆಮೇಲೆ ಸೂರ್ಯ ಮರೆಯಾದ. ಅಲ್ಲಿ ಚಳಿಗಾಲದ ನಡುವೆ ಸೂರ್ಯ ಬೆಟ್ಟದ ಮೇಲೆ ಬರುವುದೇ ಇಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು, ಮತ್ತೆ ಕತ್ತಲು. ಅವನ ಮುಖ ಬಾಡಿತು. ಊಟ ಕೇಳಿದರೆ ಬ್ರೆಡ್ ಎನ್ನುತ್ತಿದ್ದ. ಮನೆಯ ಒಡತಿ ಮುದುಕಿ ಒಬ್ಬಳೇ ಇದ್ದಳು. ಎದುರಾದರೆ ತಲೆಯಾಡಿಸುತ್ತಾಳೆ, ಅಷ್ಟೇ, ಮಾತಿಲ್ಲ ಎನ್ನುತ್ತಿದ್ದ.

ಒಂದು ದಿನ ಹೇಳಿದ: "ಅಣ್ಣಾ, ನಾ ವಾಪಸ್ ಬರ್ತೀನ್ರಿ. ಟಿಕೀಟ್ ನೋಡಾಕತ್ತೀನಿ."

ಬಾ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಲ್ಲಿಯ ಓದು ಬಿಟ್ಟರೆ ಅಲ್ಲಿಯ ಪರವಾನಗಿ ಹೋಗುತ್ತದೆ. ಇಲ್ಲಿ ಬಂದರೂ ಕೆಲವು ದಿನ, ಅಷ್ಟೇ. ಆಮೇಲೆ ಅವನಿಗೆ ಎಲ್ಲಿಯೂ ಜಾಗವಿಲ್ಲ. ನನ್ನ ಹೆಂಡತಿ ಫೋನು ಕಸಿದುಕೊಂಡಳು.

"ಸೂರ್ಯಾ ಬರೂತನಕ ಕುಂದ್ರು. ಅವತ್ತೂ ಬ್ಯಾಸರ ಇತ್ತಂದ್ರ ಬಾ, ನಾನ ಕರೀತೀನಿ," ಎಂದಳು. ಕರೆಯುವುದು ನಮ್ಮ ಕೈಯಲ್ಲಿ ಇರಲಿಲ್ಲ. ಅವನಿಗೂ ಅದು ಗೊತ್ತಿತ್ತು.

ಮುಂದಿನ ಭಾನುವಾರ ಆ ಮುದುಕಿ ಅವನ ಬಾಗಿಲು ತಟ್ಟಿದಳಂತೆ. ಊರ ಹೊರಗೆ ಹಳೇ ಕಾಲದ ಒಂದು ರೈತನ ಮನೆಯನ್ನು ಹಾಗೆಯೇ ಉಳಿಸಿ ಜನರಿಗೆ ತೋರಿಸುತ್ತಾರೆ. ಅಲ್ಲಿ ಆಕೆ ಅಡುಗೆ ಮಾಡಿ ತೋರಿಸುವವಳು. ಬರ್ತೀಯಾ ಎಂದು ಕರೆದಳಂತೆ. ಅಲ್ಲಿ ಕಂಬಗಳ ಮೇಲೆ ನಿಂತ ಮರದ ಉಗ್ರಾಣ. ಒಳಗೆ ಪದರ ಪದರವಾಗಿ ಒಟ್ಟಿದ ದುಂಡನೆಯ ಒಣ ರೊಟ್ಟಿ! ಮುದುಕಿ ಒಂದನ್ನು ಕೈಗೆ ಕೊಟ್ಟಳು. ಭಾಯಿ ಈ ಸಲ ಏನೆಂದು ಕೇಳಲೇ ಇಲ್ಲ. ಮುರಿದ, ಪುಡಿ ಮಾಡಿದ, ಎದುರಿಗಿದ್ದ ಹುಳಿ ಹಾಲಿನ ಬಟ್ಟಲಿಗೆ ಹಾಕಿ ಕಲಸಿದ.

ಮುದುಕಿ ಅವನ ಕೈಯನ್ನೇ ನೋಡುತ್ತಾ ನಿಂತಳಂತೆ. ತನ್ನ ಅಪ್ಪ ಹೀಗೆಯೇ ತಿನ್ನುತ್ತಿದ್ದ, ನಿನಗೆ ಯಾರು ಹೇಳಿಕೊಟ್ಟರು ಎಂದಳು. ಅವನು ಅಲ್ಲಿಂದಲೇ ನಮಗೆ ವಿಡಿಯೋ ಕಾಲ್ ಮಾಡಿದ.

ಆ ದಿನದ ಮಾತು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮುದುಕಿ ಹೇಳಿದ್ದನ್ನು ಭಾಯಿ ಕನ್ನಡ ಮಾಡುತ್ತಿದ್ದ.

"ಆಕಿ ಕೈಯಾಗ ಏನೋ ಅದು, ಲಟ್ಟಣಿಗಿ? ಕೈಲೆ ರೊಟ್ಟಿ ಬಡ್ಯಾಕ ಬರೂದಿಲ್ಲೇನು?" ಎಂದಳು ನನ್ನ ಹೆಂಡತಿ.

ಅವನು ಕೇಳಿ ಹೇಳಿದ: "ಬಡದ್ರ ಹರೀತೈತಂತ. ಒಮ್ಮೆ ಮಾಡಿದ್ರ ವರ್ಷಗಟ್ಟಲೆ ಇಡ್ತಾರಂತ, ಅಕ್ಕಾ."

"ವರ್ಷ? ಇಲಿ ಬಿಡ್ತಾವೇನು?"

"ಅದಕ್ಕ ಉಗ್ರಾಣ ಕಂಬದ ಮ್ಯಾಲ ಕಟ್ಟ್ಯಾರಂತ!"

"ಶ್ಯಾಣ್ಯಾಕಿ ಅದಾಳ ಬಿಡು," ಎಂದು ಇವಳು ಒಪ್ಪಿಕೊಂಡಳು. ಶೇಂಗಾ ಚಟ್ನಿ ಇಲ್ಲದೆ ಆಕೆ ಹೇಗೆ ತಿನ್ನುತ್ತಾಳೋ ಎಂದು ಮರುಗಿದಳು. ಮುದುಕಿ ಫೋನಿಗೆ ಕೈ ಬೀಸಿದಳು. ಹಿಮದ ಕಾಲದಲ್ಲಿ ಬೀಸುವ ಕಲ್ಲನ್ನು ತಿರುಗಿಸುವ ತೊರೆಯ ನೀರು ಹೆಪ್ಪುಗಟ್ಟುತ್ತಿತ್ತು, ಅದಕ್ಕೆ ನೀರು ಹರಿಯುವ ದಿನಗಳಲ್ಲೇ ಹಿಟ್ಟು ಬೀಸಿ, ರೊಟ್ಟಿ ಮಾಡಿಟ್ಟುಕೊಳ್ಳುತ್ತಿದ್ದರು ಎಂದು ಅವಳು ವಿವರಿಸಿದ್ದನ್ನು ಭಾಯಿ ನಮಗೆ ಹೇಳಿದ. ಅವನು ಅಷ್ಟು ಮಾತಾಡಿ ಬಹಳ ದಿನವಾಗಿತ್ತು.

ಆಮೇಲೆ ಮುದುಕಿಯ ಜೊತೆ ಊಟ, ಹಿಮ ತೆಗೆಯುವುದು, ಕಿಟಕಿಯಲ್ಲಿ ದೀಪ ಇಡುವುದು. ಫೋನು ದಿನಾ ಬರುವುದು ನಿಂತು ವಾರಕ್ಕೊಮ್ಮೆ ಬರತೊಡಗಿತು.

ಜನವರಿಯಲ್ಲಿ ಒಂದು ಸಂಜೆ, ನಾನು ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ವಿಡಿಯೋ ಕಾಲ್ ಬಂತು. ಅಲ್ಲಿ ಮಧ್ಯಾಹ್ನ. ಗುಡ್ಡದ ಮೇಲೆ ಊರಿನ ಜನವೆಲ್ಲ ನಿಂತಿದ್ದರು. ಶಾಲೆಯ ಮಕ್ಕಳನ್ನೂ ಬಿಟ್ಟಿದ್ದರು. ಎಲ್ಲರ ಕೈಯಲ್ಲಿ ಸಿಹಿ ಬನ್ನು. ಎರಡು ಬೆಟ್ಟಗಳ ನಡುವೆ ಸೂರ್ಯನ ಬೆಳಕಿನ ಒಂದು ಗೆರೆ ಮೂಡಿತು. ಎಲ್ಲರೂ ಕೂಗಿದರು. ಭಾಯಿಯ ಕೂಗು ಎಲ್ಲರಿಗಿಂತ ಜೋರು.

"ಇಷ್ಟನಾ? ಇಷ್ಟ ಸಣ್ಣದೇನು?" ಎಂದಳು ನನ್ನ ಹೆಂಡತಿ.

"ಇವತ್ತು ಇಷ್ಟ ಅಕ್ಕಾ. ನಾಳೆ ಇನ್ನಷ್ಟು ಬರತೈತಿ."

"ಟಿಕೀಟ್?"

"ಯಾವ ಟಿಕೀಟ್? ಪರೀಕ್ಷಾ ಅದಾವ. ಅಜ್ಜಿ ನನಗ ಹಿಮದ ಮ್ಯಾಲ ಜಾರೂದು ಕಲಸಾಕತ್ತಾಳ. ಬಿದ್ದು ಬಿದ್ದು ಸೊಂಟ ಹೋತು, ಹಾಳಾಗಲಿ!" ಅಷ್ಟರಲ್ಲಿ ಯಾರೋ ಕರೆದರು. "ಆಮ್ಯಾಲ ಮಾಡ್ತೀನ್ರಿ," ಎಂದು ಇಟ್ಟ.

ನನ್ನ ಹೆಂಡತಿ ಕಪ್ಪಾದ ಫೋನನ್ನು ಸೆರಗಿನಿಂದ ಒರೆಸಿ ಇಟ್ಟಳು.

"ಅಲ್ಲೇ ಉಳದ ನೋಡ್ರಿ," ಎಂದಳು.

"ನಾವು ಬೇಡಿಕೊಂಡಿದ್ದೂ ಅದನ್ನ ಅಲ್ಲೇನು?" ಎಂದೆ ನಾನು.

"ಹೌದ್ರಿ," ಎಂದಳು. "ಬೇಡಿಕೊಂಡಿದ್ದು ಅದನ್ನ. ಆದ್ರ ಮನಸ್ಸಿಗೆ ಯಾರು ಹೇಳಬೇಕು?"