ಅಕ್ಕನ ಕಾರಿಗೆ ಮೆತ್ತನೆಯ ಟೈರು

ಏಪ್ರಿಲ್ ೨೧, ಮಂಗಳವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಬರೆಯಲು ಕೂತೆ. ಕಡೂರಿನ ಟೈರ್ ಅಂಗಡಿಯ ಮುಂದೆ, ಒಂದು ಕಾಲು ಸ್ವಲ್ಪ ಗಿಡ್ಡವಾದ ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಹೊಸ ಟೈರಿನ ವಾಸನೆ ನಿಮಗೆ ಇಷ್ಟವೋ ಇಲ್ಲವೋ ಗೊತ್ತಿಲ್ಲ. ನನಗಂತೂ ಇಷ್ಟ. ಮಳೆಗಾಲಕ್ಕೆಂದು ಕೊಂಡ ಹೊಸ ಬೂಟನ್ನು ಡಬ್ಬಿಯಿಂದ ಹೊರಗೆ ತೆಗೆದಾಗ ಬರುವಂಥ ವಾಸನೆ. ಅಂಗಡಿಯೊಳಗೆ ಸೂರಿನವರೆಗೂ ಟೈರು ಪೇರಿಸಿದ್ದಾರೆ. ಗಾಳಿ ಬೀಸಿದಾಗಲೆಲ್ಲ ಆ ವಾಸನೆ ನನ್ನ ಕುರ್ಚಿಯನ್ನು ದಾಟಿ ರಸ್ತೆಗೆ ಹೋಗುತ್ತದೆ. ಅಕ್ಕನ ಕಾರು ಜಾಕಿನ ಮೇಲಿದೆ. ಕೆಲಸ ಮುಗಿಯಲು ಒಂದು ಗಂಟೆ ಬೇಕಂತೆ. ಸುಮ್ಮನೆ ಕೂರಲು ನನಗೆ ಬರುವುದಿಲ್ಲ, ಡೈರಿ ತೆಗೆದೆ.

ನನ್ನ ಡೈರಿಯ ಬಗ್ಗೆ ಮನೆಯಲ್ಲಿ ಯಾರಿಗೂ ಗೌರವವಿಲ್ಲ. ಗ್ಯಾಸ್ ಸಿಲಿಂಡರ್ ಬದಲಾದ ದಿನ, ಕರೆಂಟು ಹೋದಾಗಲೆಲ್ಲ ಹಾಕಿದ ಗೀಟು, ನಮ್ಮ ಕಿಟಕಿಗೆ ಗುಬ್ಬಿ ಬಂದ ದಿನ, ಎಲ್ಲವೂ ಅದರಲ್ಲಿವೆ. "ಹೋದ ಜನ್ಮದಲ್ಲಿ ನೀನು ರೆವಿನ್ಯೂ ಇನ್‌ಸ್ಪೆಕ್ಟ್ರಾಗಿದ್ದೆ ಕಣೇ" ಎನ್ನುತ್ತಾಳೆ ಅಕ್ಕ. ಇರಬಹುದು. ಆದರೆ ನಾಲ್ಕು ವರ್ಷದ ಹಿಂದಿನ ಆ ಮೇ ತಿಂಗಳನ್ನು ನೆನೆಯಲು ನನಗೆ ಡೈರಿಯೇ ಬೇಡ.

ಅಕ್ಕ ತರೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ನಮ್ಮ ಮನೆ ಇರುವುದು ಅಜ್ಜಂಪುರದಲ್ಲಿ. ಬೆಳಗಿನ ಡ್ಯೂಟಿ ಆರು ಗಂಟೆಗೆ ಶುರು. ಆ ಹೊತ್ತಿಗೆ ಅವಳನ್ನು ತಲುಪಿಸುವ ಬಸ್ಸು ಇರಲಿಲ್ಲ. ಅದಕ್ಕೇ ಸಂಬಳ ಕೂಡಿಟ್ಟು, ಇನ್ನೊಬ್ಬರು ಓಡಿಸಿ ಬಿಟ್ಟ ಸಣ್ಣ ಕಾರೊಂದನ್ನು ಕೊಂಡಿದ್ದಳು. ಕಾರು ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ಆ ವರ್ಷ ಭರಣಿ ಮಳೆಯ ಮೊದಲ ಹನಿ ಬಿದ್ದ ಮಧ್ಯಾಹ್ನ ಅವಳು ಮನೆಗೆ ವಾಪಸು ಬರುತ್ತಿದ್ದಳು. ಊರು ಇನ್ನೇನು ಬಂತು ಎನ್ನುವ ತಿರುವಿನಲ್ಲಿ ಎದುರಿಗೆ ಮೇಕೆಗಳು ಬಂದವು. "ಬ್ರೇಕ್ ಮೇಲೆ ಕಾಲಿಟ್ಟಿದ್ದಷ್ಟೆ ಕಣೇ. ಕಾರಿನ ಹಿಂಭಾಗ ಮುಂದಕ್ಕೆ ಬಂದ್ಬಿಡ್ತು" ಎಂದಳು ಆಮೇಲೆ. ಕಾರು ಗಿರಕಿ ಹೊಡೆದು, ತರೀಕೆರೆಯ ಕಡೆಗೇ ಮುಖ ಮಾಡಿ ನಿಂತಿತ್ತು. ಅವಳಿಗೂ ಏನೂ ಆಗಲಿಲ್ಲ, ಮೇಕೆಗಳಿಗೂ ಏನೂ ಆಗಲಿಲ್ಲ. ಮೇಕೆ ಮೇಯಿಸುತ್ತಿದ್ದ ಅಜ್ಜ ತಲೆ ಮೇಲೆ ಗೋಣಿಚೀಲ ಹೊದ್ದು ಬಂದು ಕಿಟಕಿಯಲ್ಲಿ ಇಣುಕಿ ಕೇಳಿದನಂತೆ: "ಯಾಕವ್ವಾ ತಿರುಗ್ಸಿಬಿಟ್ಟೆ, ಏನಾರ ಮರ್ತು ಬಂದ್ಯಾ?"

ಅಕ್ಕ ಇದನ್ನು ಹೇಳಿ ನಕ್ಕಳು. ನಾವೂ ನಕ್ಕೆವು. ಆಮೇಲೆ ಅವಳು ಕಾರಿನ ಕೀಯನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ನೇತುಹಾಕಿ ಮುಖ ತೊಳೆಯಲು ಹೋದಳು. ಮರುದಿನ ಅದನ್ನು ತೆಗೆಯಲಿಲ್ಲ. ಅದರ ಮರುದಿನವೂ ಇಲ್ಲ. ಓಡಿಸಬೇಡ ಎಂದು ಮನೆಯಲ್ಲಿ ಒಬ್ಬರೂ ಹೇಳಿರಲಿಲ್ಲ, ಅದೇ ಕಷ್ಟವಾಗಿತ್ತು. ಯಾರಾದರೂ ಬೇಡವೆಂದಿದ್ದರೆ ಜಗಳವಾಡಿಕೊಂಡಾದರೂ ಹೋಗುತ್ತಿದ್ದಳು. ಅವಳು ರಜೆ ಹಾಕಿದಳು. ತಿಂಗಳ ಕೊನೆಯೊಳಗೆ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯಿಂದ ಫೋನು ಬಂತು.

ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು ರೋಗ ಪತ್ತೆ ಮಾಡಿದರು. ಹಿಂದಿನ ಎರಡು ಟೈರುಗಳಲ್ಲಿ ಗ್ರಿಪ್ಪೇ ಉಳಿದಿರಲಿಲ್ಲ. ಮುಂದಿನವು ಪರವಾಗಿಲ್ಲ, ಹೋದ ವರ್ಷ ಹಾಕಿಸಿದ್ದು. "ಎಳೆಯೋದು ಮುಂದಿನ ಚಕ್ರ ಅಲ್ವಾ, ಹೊಸದು ಅಲ್ಲಿರ್ಬೇಕು" ಎಂದು ಆಗ ಅವರೇ ಹಾಕಿಸಿದ್ದರು. ಈಗಲೂ ಅವರ ಹತ್ತಿರ ಉಪಾಯವಿತ್ತು. "ಸ್ಟೆಪ್ನಿ ಹೊಸದೈತಲ್ಲ. ಅದೊಂದು, ಇನ್ನೊಂದು ತಂದ್ರೆ ಆಯ್ತು."

ಆ ಸ್ಟೆಪ್ನಿಯ, ಅಂದರೆ ಡಿಕ್ಕಿಯಲ್ಲಿಟ್ಟ ಹೆಚ್ಚುವರಿ ಟೈರಿನ ಬಗ್ಗೆ ನಿಮಗೆ ಹೇಳಲೇಬೇಕು. ಕಾರಿನ ಜೊತೆಗೇ ಬಂದದ್ದು, ಒಮ್ಮೆಯೂ ರಸ್ತೆ ಮುಟ್ಟಿರಲಿಲ್ಲ. ಹೊಸ ಟೈರಿನ ಮೇಲಿರುವ ರಬ್ಬರಿನ ಸಣ್ಣ ಕೂದಲುಗಳು ಕೂಡ ಅದರ ಮೇಲೆ ಹಾಗೇ ಇದ್ದವು. ಪಂಕ್ಚರ್ ಆದರೆ ಅಪ್ಪ ಅದನ್ನು ಹಾಕುತ್ತಿರಲಿಲ್ಲ. ಪಂಕ್ಚರ್ ಅಂಗಡಿಯವನಿಗೆ ಫೋನು ಮಾಡಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದರು. ಹೊಸದನ್ನು ಯಾಕೆ ಸವೆಸಬೇಕು ಎಂಬುದು ಅವರ ವಾದ. ಭಾನುವಾರ ಅದನ್ನು ಹೊರಗೆ ತೆಗೆದು ತೊಳೆದು, ನೆರಳಿನಲ್ಲಿ ಒಣಗಿಸಿ, ಗೋಣಿತಾಟು ಸುತ್ತಿ ಮತ್ತೆ ಡಿಕ್ಕಿಯಲ್ಲಿಡುತ್ತಿದ್ದರು. ಮಕ್ಕಳಾದ ನಮಗೂ ಅಷ್ಟು ಉಪಚಾರ ನಡೆದ ನೆನಪಿಲ್ಲ.

ನಾನು ಆಗ ಎರಡನೇ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಕಡಿಮೆ ದುಡ್ಡಿಗೆ ದಿನಾ ಓಡಿಸುವ ಕಾರಿಗೆ ಯಾವ ಟೈರು ಒಳ್ಳೆಯದೆಂದು ಮೊಬೈಲಿನಲ್ಲಿ ಹುಡುಕತೊಡಗಿದೆ. ದೂರದ ದೇಶದವರು ಬೇಸಿಗೆ ಟೈರು, ಚಳಿಗಾಲದ ಟೈರು ಎಂದು ಬೇರೆ ಬೇರೆ ಬರೆದಿದ್ದರು. ಚಳಿ ಹೆಚ್ಚಾದರೆ ಬೇಸಿಗೆ ಟೈರಿನ ರಬ್ಬರು ಮರಗಟ್ಟಿ ಹಿಡಿತ ಬಿಡುತ್ತದಂತೆ. ಹಾಗಾಗಿ ವರ್ಷಕ್ಕೆರಡು ಸಲ ಟೈರು ಬದಲಿಸುತ್ತಾರಂತೆ. ಓದಿ ಹೇಳಿದಾಗ ಅಮ್ಮ ಒಗ್ಗರಣೆ ಸೌಟು ಹಿಡಿದೇ ನಿಂತಳು. "ಕಾರಿಗೂ ಸ್ವೆಟರ್ರಾ?"

ಆಮೇಲೆ ಓದಿದ್ದನ್ನು ನಾನು ನಂಬಲೇ ಇಲ್ಲ. ಒಂದು ಟೈರು ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಅಂಗೈಯಷ್ಟು ಜಾಗದಲ್ಲಿ ಮಾತ್ರವಂತೆ. ಹಳೆಯ ಮದುವೆ ಕಾಗದಗಳನ್ನು ತಂದು, ಮಲಗಿಕೊಂಡು, ಟೈರಿನ ಬುಡಕ್ಕೆ ನಾಲ್ಕೂ ಕಡೆಯಿಂದ ತೂರಿಸಿದೆ. ಕಾಗದ ತಡೆದು ನಿಂತಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದೆ. ಅಪ್ಪ ಕಾರನ್ನು ಹಿಂದಕ್ಕೆ ತಳ್ಳಿದರು. ನೆಲದ ಮೇಲೆ ಪುಟ್ಟದೊಂದು ಚೌಕ ಉಳಿದಿತ್ತು.

ಅಮ್ಮ ಬಂದು ಬಗ್ಗಿ ತನ್ನ ಕೈಯನ್ನು ಅದರ ಮೇಲಿಟ್ಟಳು. ಬೆರಳುಗಳು ಆಚೆ ಚಾಚಿಕೊಂಡವು.

"ಇಷ್ಟರ ಮೇಲೆ ನಿಂತ್ಕೊಂಡು ಹೋಗಿ ಬತ್ತಿದ್ಲಾ ನನ್ ಮಗ್ಳು?"

ಬಾಗಿಲಲ್ಲಿ ನಿಂತಿದ್ದ ಅಕ್ಕ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ನಾಲ್ಕು ಅಂಗೈಗಳು. ಅಷ್ಟೂ ಕಬ್ಬಿಣ, ಅಷ್ಟೂ ವೇಗ, ಒಳಗೆ ಕೂತ ಮನುಷ್ಯರು, ಎಲ್ಲವನ್ನೂ ಆ ನಾಲ್ಕು ಹಿಡಿದುಕೊಂಡಿರುತ್ತವೆ. ಆ ದಿನದಿಂದ ರಸ್ತೆಯಲ್ಲಿ ಲಾರಿ ಹೋದರೂ ನನ್ನ ಕಣ್ಣು ಅದರ ಕಾಲ ಬುಡಕ್ಕೇ ಹೋಗುತ್ತದೆ.

ಮರುದಿನ ಇನ್ನೊಂದು ವಿಷಯ ಸಿಕ್ಕಿತು. ಟೈರಿನ ಪಕ್ಕೆಯ ಮೇಲೆ ಅದು ಯಾವಾಗ ತಯಾರಾಯಿತೆಂದೂ ಅಚ್ಚಾಗಿರುತ್ತದೆ. ಅಕ್ಷರಗಳ ಉದ್ದನೆಯ ಸಾಲಿನ ಕೊನೆಗೆ ನಾಲ್ಕು ಅಂಕಿ, ಮೊದಲೆರಡು ಎಷ್ಟನೇ ವಾರವೆಂದು, ಉಳಿದೆರಡು ಯಾವ ವರ್ಷವೆಂದು. ಲೋಕದ ಟೈರಿಗೆಲ್ಲ ಯಾರೋ ನನ್ನ ಹಾಗೆ ದಿನ ಬರೆದಿಟ್ಟಿದ್ದಾರೆ! ಬೀದಿಯಲ್ಲಿ ಸಿಕ್ಕ ಟ್ರ್ಯಾಕ್ಟರು, ಆಟೊ, ಹಾಲಿನ ವ್ಯಾನು, ಒಂದನ್ನೂ ಬಿಡದೆ ಬಗ್ಗಿ ಬಗ್ಗಿ ಓದಿದೆ. "ಏನ್ ಕಳ್ಕೊಂಡ್ಯಮ್ಮ?" ಎಂದು ಆಟೊದವರು ಅವರೂ ಬಗ್ಗಿ ಹುಡುಕಿದರು.

ಸಂಜೆ ಅಪ್ಪನ ಸ್ಟೆಪ್ನಿಯನ್ನು ಓದಿದೆವು. ಅದು ಹುಟ್ಟಿದ್ದು ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ. ಅಪ್ಪ ಕನ್ನಡಕ ಏರಿಸಿ, ಟೈರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಹಿಮ್ಮಡಿ ಒಡೆದ ಹಾಗೆ ಸಣ್ಣ ಸಣ್ಣ ಬಿರುಕುಗಳು ಬಾಯಿ ತೆರೆದವು.

"ಒಂದಿನಾನೂ ಓಡ್ಸಿಲ್ಲ ಕಣಮ್ಮ ಇದ್ನ."

"ಓಡಿಸ್ದೆ ಇದ್ರೂ ರಬ್ಬರು ಒಣಗ್ತದಂತೆ ಅಪ್ಪ."

ಅವರು ಅದಕ್ಕೆ ಮತ್ತೆ ಗೋಣಿತಾಟು ಸುತ್ತಲಿಲ್ಲ, ಗೋಡೆಗೆ ಒರಗಿಸಿದರು. ಆಮೇಲೆ ಎದ್ದು, "ನಾಳೆ ಕಡೂರಿಗೆ ಹೋಗಣ, ಎಲ್ರೂ ಹೊರಡಿ" ಎಂದರು.

ಕಾರನ್ನು ಅಪ್ಪನೇ ಓಡಿಸಿದರು. ಇದೇ ಅಂಗಡಿ, ಇದೇ ಯಜಮಾನರು. ನಾನು ಪುಟಗಟ್ಟಲೆ ಬರೆದುಕೊಂಡು ಹೋಗಿದ್ದೆ. "ಸಮ್ಮರ್ ಟೈರ್ ಇದೆಯಾ?" ಎಂದು ಗತ್ತಿನಿಂದ ಕೇಳಿದೆ. ಅವರು ಹೊರಗಿನ ಬಿಸಿಲನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿದರು. "ನಮ್ಮಲ್ಲಿ ಬೇರೆ ಯಾವ್ದೈತಮ್ಮ? ಎಲ್ಲಾ ಅದೇ." ಹಿಡಿತ ಜಾಸ್ತಿಯೆಂದು ಓದಿದ್ದ ರೇಸಿನ ಟೈರನ್ನೂ ಕೇಳಿದೆ. ಅದು ನಮ್ಮ ಕಾರಿನ ಅಳತೆಗೆ ಸಿಗುವುದಿಲ್ಲವೆಂದರು. ನನ್ನ ಅರ್ಧ ಟಿಪ್ಪಣಿ ಅಲ್ಲೇ ಮುಗಿಯಿತು.

ಉಳಿದದ್ದು ಎರಡು ದಾರಿ. ಅಪ್ಪನ ಕೈಲಿದ್ದ ದುಡ್ಡಿಗೆ ಗಟ್ಟಿ ರಬ್ಬರಿನ ನಾಲ್ಕು ಟೈರು ಬರುತ್ತಿದ್ದವು, ಇಲ್ಲವೇ ಮೆತ್ತನೆಯ ಎರಡು.

"ಗಟ್ಟೀದು ತಗಳಿ ಸ್ವಾಮಿ" ಎಂದರು ಅಂಗಡಿಯ ಯಜಮಾನರು. " ವರ್ಷಗಟ್ಲೆ ನನ್ನ ಅಂಗಡಿ ಕಡೆ ತಲೆ ಹಾಕೋ ಹಾಗಿಲ್ಲ. ಮೆತ್ತಗಿರೋದು ರಸ್ತೆ ಕಚ್ಚಿ ಹಿಡೀತದೆ, ಆದ್ರೆ ಬೇಗ ಸವೀತದೆ."

ಅಪ್ಪನ ಮುಖ ಅರಳಿತು. ಅವರು ಜೀವನದಲ್ಲಿ ಕೊಂಡದ್ದೆಲ್ಲ ಬಾಳಿಕೆ ಬರುವುದನ್ನೇ. ಅಕ್ಕ ಮಾತ್ರ ಎರಡೂ ಟೈರಿಗೆ ಉಗುರು ಒತ್ತಿ ನೋಡುತ್ತಿದ್ದಳು.

"ಇದು ಮಳೇಲಿ ಹೆಂಗೆ?" ಗಟ್ಟಿಯದನ್ನು ತೋರಿಸಿ ಕೇಳಿದಳು.

"ಮಳೇಲಿ ನಿಧಾನಕ್ಕೆ ಹೋಗ್ಬೇಕು ಕಣಮ್ಮ."

"ನಿಧಾನಕ್ಕೇ ಹೋಗ್ತಿದ್ದೆ."

ಅಪ್ಪ ಅಕ್ಕನನ್ನು ನೋಡಿದರು. ಅವಳು ಕಾರು ತಿರುಗಿದ ಸುದ್ದಿಯನ್ನು ನಗದೆ ಆಡಿದ್ದು ಅದೇ ಮೊದಲು.

"ಮೆತ್ತಗಿರೋದೇ ಕೊಡ್ರೀ" ಎಂದರು ಅಪ್ಪ. "ಮೊದ್ಲು ಇತ್ಲಾಗೆ ಉರುಳ್ಸಿ, ಯಾವಾಗ ಹುಟ್ಟಿದ್ದು ನೋಡ್ಬೇಕು."

"ಹೆಣ್ ನೋಡಕ್ಕೆ ಬಂದಂಗೆ ಆಡ್ತೀರಲ್ಲ! ಜಾತಕಾನೂ ಬೇಕಾ?"

"ಬೇಕು" ಎಂದು ಅಪ್ಪ ಕನ್ನಡಕ ಹಾಕಿಕೊಂಡರು. ಆ ವರ್ಷದ ಮಾರ್ಚ್ ತಿಂಗಳದ್ದು. ಒಪ್ಪಿದರು. ಎರಡನ್ನೂ ಮುಂದಕ್ಕೆ ಹಾಕಿ ಎನ್ನುವಷ್ಟರಲ್ಲಿ ಅಕ್ಕ ತಡೆದಳು. "ಹಿಂದಕ್ಕೆ ಹಾಕ್ಸಿ ಅಪ್ಪ. ಅವತ್ತು ಕೈ ಬಿಟ್ಟಿದ್ದು ಹಿಂದಿನ್ವೇ." ನಾನು ಓದಿದ್ದರಲ್ಲೂ ಹಾಗೇ ಇತ್ತು: ಎರಡೇ ಕೊಂಡರೆ ಹಿಂದಕ್ಕೆ ಹಾಕಬೇಕು, ಹಿಂದಿನವು ಜಾರಿದರೆ ಕಾರು ತಿರುಗಿಬಿಡುತ್ತದೆ. ಆದರೆ ಅವಳು ಓದಿರಲಿಲ್ಲ. ಅವಳಿಗೆ ಬೆನ್ನೇ ಹೇಳಿತ್ತು.

ಟೈರು ಬಂದರೂ ಅಕ್ಕ ಮೊಳೆಯ ಮೇಲಿನ ಕೀ ಮುಟ್ಟಲಿಲ್ಲ. ಅಪ್ಪನೇ ಊರೊಳಗೆ ಕಾರು ಸುತ್ತಾಡಿಸಿ ಹೊಸ ರಬ್ಬರಿನ ನುಣುಪು ಕಳೆದರು. ಕೃತ್ತಿಕೆ ಮಳೆ ಹಿಡಿದ ಒಂದು ಸಂಜೆ ಅಕ್ಕ ಕಿಟಕಿಯ ಹತ್ತಿರ ನಿಂತಿದ್ದವಳು ತಟ್ಟನೆ ಕೀ ತೆಗೆದುಕೊಂಡಳು. "ಬತ್ತೀಯೇನೇ? ಆ ಡೈರಿ ಬಿಟ್ಟು ಬಾ."

ಅದೇ ತಿರುವಿಗೆ ಹೋದೆವು. ರಸ್ತೆ ಖಾಲಿಯಾಗಿತ್ತು. ಒಮ್ಮೆ ದಾಟಿ, ವಾಪಸು ಬಂದು, ಹಿಂದೆ ಮುಂದೆ ನೋಡಿ, ಬ್ರೇಕ್ ಒತ್ತಿದಳು. ನಾನು ಮುಂದಕ್ಕೆ ಹೋದೆ. ಕಾರು ಹೋಗಲಿಲ್ಲ. ನೆಲವನ್ನು ಯಾರೋ ಕೈಯಿಂದ ಹಿಡಿದಂತೆ ನೇರವಾಗಿ ನಿಂತಿತು. ವೈಪರ್ ಮಾತ್ರ ಓಡಾಡುತ್ತಿತ್ತು. ಅವಳು ಇನ್ನೊಮ್ಮೆ ಹಾಗೇ ಮಾಡಿದಳು. ಆಮೇಲೆ ಬಾಗಿಲು ತೆಗೆದು, ಮಳೆಯಲ್ಲೇ ಹಿಂದಕ್ಕೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಟೈರಿನ ಮೇಲೆ ಕೈಯಿಟ್ಟಳು.

"ಬೆಚ್ಚಗೈತೆ ಕಣೇ" ಎಂದಳು.

ಮಾರನೆಯ ಬೆಳಗ್ಗೆ ಐದೂಕಾಲಿಗೆ ಕಾರು ಶುರುವಾದ ಸದ್ದು ಕೇಳಿತು. ಮನೆಯಲ್ಲಿ ಎಲ್ಲರೂ ಎಚ್ಚರವಾಗಿದ್ದೆವು. ಒಬ್ಬರೂ ಏಳಲಿಲ್ಲ, ಎದ್ದರೆ ಅವಳಿಗೆ ಗಾಬರಿಯಾದೀತೆಂದು.

ಆ ದೀಪಾವಳಿಗೆ ಅಪ್ಪ ತಾವಾಗಿಯೇ ಮುಂದಕ್ಕೂ ಮೆತ್ತನೆಯದನ್ನೇ ಹಾಕಿಸಿದರು. ನಾಲ್ಕನ್ನೂ ಆಗಾಗ ಜಾಗ ಬದಲಿಸುತ್ತ ಇಲ್ಲಿಯವರೆಗೆ ಬಂದೆವು. ಈಗ ಅಂಗಡಿಯವರು ಆ ನಾಲ್ಕನ್ನು ಬಿಚ್ಚಿ ನನ್ನ ಕುರ್ಚಿಯ ಪಕ್ಕ ಒರಗಿಸಿ, "ಒಯ್ತೀರಾ, ಇಲ್ಲೇ ಬಿಡ್ತೀರಾ?" ಎಂದು ಕೇಳಿ ಹೋದರು. ಮೊದಲಾದರೆ ಅಯ್ಯೋ ಇಷ್ಟು ಬೇಗ ಸವೆಯಿತೇ ಎಂದು ಡೈರಿಯಲ್ಲಿ ನಷ್ಟದ ಕಡೆಗೆ ಬರೆಯುತ್ತಿದ್ದೆನೇನೋ. ಈಗ ಕೈಯಿಟ್ಟು ಸವರುತ್ತ ಕೂತಿದ್ದೇನೆ. ಹಿಡಿದುಕೊಂಡ ಪ್ರತಿ ಸಲವೂ ಇವು ತಮ್ಮದೇ ಒಂದು ಚೂರನ್ನು ರಸ್ತೆಗೆ ಕೊಟ್ಟು ಅಕ್ಕನನ್ನು ಮನೆಗೆ ಕರೆತಂದಿವೆ.

ಹಾಗಾದರೆ ಆ ಚೂರುಗಳೆಲ್ಲ ಎಲ್ಲಿ? ಅಜ್ಜಂಪುರದಿಂದ ತರೀಕೆರೆವರೆಗೆ ಎಷ್ಟು ಬಗ್ಗಿ ನೋಡಿದರೂ ನನಗೆ ರಬ್ಬರಿನ ಪುಡಿ ಕಂಡಿಲ್ಲ. ಗಾಳಿಗೆ ಹೋಯಿತೇ, ಮಳೆಗೆ ಕೊಚ್ಚಿ ಹೊಲಕ್ಕೆ ಇಳಿಯಿತೇ, ಇಳಿದು ಅಲ್ಲಿ ಏನಾಗುತ್ತದೆ? ಇದಕ್ಕೊಂದು ಪುಟ ಖಾಲಿ ಬಿಟ್ಟಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ.