ಖಾಲಾಳ ಗಾಡಿಗೆ ಗಾಲಿ ಇದ್ದವು

ಖಾಲಾ ಬಲಗೈಯ ಗಾಜಿನ ಬಳೆಗಳನ್ನು ಮೊಣಕೈಯತನಕ ಏರಿಸಿಕೊಂಡರೆ ಎಣ್ಣೆಗೆ ಮಿರ್ಚಿ ಬೀಳುತ್ತದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆ ಯಾರೋ ಬೈಸಿಕೊಳ್ಳುತ್ತಾರೆ ಎಂಬುದು ಮಾನ್ವಿ ಬಸ್ ನಿಲ್ದಾಣದ ಮುಂದೆ ಎಲ್ಲರಿಗೂ ಗೊತ್ತಿತ್ತು. ಎರಡೂ ಒಟ್ಟಿಗೆ ನಡೆಯುವ ದಿನ ಕಡಲೆಹಿಟ್ಟು ಮೆತ್ತಿದ ಆ ಕೈಗೆ ನಾವು ಸ್ವಲ್ಪ ದೂರದಲ್ಲೇ ಇರುತ್ತಿದ್ದೆವು.

ಖಾಲಾ ಎಂದರೆ ತಾಯಿಯ ಅಕ್ಕನೋ ತಂಗಿಯೋ. ಅವಳು ಯಾರ ತಾಯಿಗೆ ತಂಗಿ ಎಂದು ಯಾರೂ ಕೇಳಲಿಲ್ಲ. ಕಂಡಕ್ಟರನಿಂದ ಹಿಡಿದು ಅಕ್ಕಿ ಗಿರಣಿಯ ಸಾಹುಕಾರರವರೆಗೆ ಎಲ್ಲರಿಗೂ ಖಾಲಾ. ಅವಳ ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಮೇಲೆರಡು ಮಿರ್ಚಿ ಹೊಟ್ಟೆಗೆ ಬೀಳದೆ ರಾಯಚೂರಿನ ಮೊದಲ ಬಸ್ಸು ಹೊರಡುತ್ತಿರಲಿಲ್ಲ. ಅವಳ ಮಗ್ಗುಲಲ್ಲೇ ನಾನು ತಾಡಪಾಲು ಹಾಸಿ ಬೀಗ, ಬಾಚಣಿಗೆ, ಮೊಬೈಲ್ ಕವರ್ ಮಾರುತ್ತಿದ್ದೆ. ಚೌಕಾಸಿ ಮಾಡುವ ಗಿರಾಕಿಯ ಮೇಲೆ ನಾನು ಸಿಡುಕಿದರೆ ಅಲ್ಲಿಂದಲೇ ಹೇಳುತ್ತಿದ್ದಳು: “ಎಣ್ಣಿ ಕಾಯೋಮಟ ಬಾಯಿ ಮುಚ್ಕೊಂಡಿರಬೇಕು, ಬೇಟಾ.”

ಪುರಸಭೆಯವರು ಬೀದಿ ಬದಿ ವ್ಯಾಪಾರಿಗಳ ಹೆಸರು ಬರೆದುಕೊಳ್ಳಲು ಬಂದ ದಿನ ನಾನು ಮಾಲು ತರಲು ರಾಯಚೂರಿಗೆ ಹೋಗಿದ್ದೆ. ನಿಯಮ ಹೀಗಿತ್ತು: ಒಂದೇ ಕಡೆ ಕೂರುವವರಿಗೆ ಗೆರೆ ಎಳೆದು ಜಾಗ ಕೊಡುತ್ತಾರೆ, ತಿರುಗಿ ಮಾರುವವರು ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಇದು ಖಾಲಾಳಿಗೆ ಗೊತ್ತಿರಲಿಲ್ಲ. ನನ್ನ ಖಾಲಿ ಜಾಗ ತೋರಿಸಿ, “ಇಲ್ಲೊಬ್ಬ ಹುಡುಗ ಕೂಡ್ತಾನ್ರಿ. ಕುಂತ್ರ ಏಳಂಗಿಲ್ಲ. ಮಹಾ ಸೋಮಾರಿ,” ಎಂದಳಂತೆ. ಊರಲ್ಲೇ ಇಲ್ಲದ ನನಗೆ ಜಾಗ ಸಿಕ್ಕಿತು.

“ನೀವೂ ಹಿಂಗ ಏನ್ರಿ?” ಎಂದು ಅವರು ಕೇಳಿದ್ದೇ ತಡ, ಅವಳಿಗೆ ಅವಮಾನವಾಯಿತು. ಸೋಮಾರಿಯ ಸಾಲಿಗೆ ಅವಳು ಸೇರುವುದುಂಟೆ?

“ನನ್ನ ಗಾಡಿಗಿ ಗಾಲಿ ಅದಾವ್ರಿ. ಇಡೀ ಮಾನ್ವಿ ತಿರಗ್ತದ.”

ನಾನು ಕಂಡಂತೆ ಆ ಗಾಡಿ ಒಂದು ಗೇಣೂ ಸರಿದಿರಲಿಲ್ಲ. ಗಾಲಿಗಳಿಗೆ ಕಲ್ಲು ಕೊಟ್ಟಿದ್ದರು; ಒಂದು ಗಾಲಿಯೊಳಗೆ ಹುಲ್ಲು ಬೆಳೆದಿತ್ತು. ಖಾಲಾ ಮಾತ್ರ ಕಾಗದದ ಮೇಲೆ ತಿರುಗುವ ವ್ಯಾಪಾರಿಯಾದಳು.

ಸ್ವಲ್ಪ ದಿನಕ್ಕೆ ಪುರಸಭೆಯ ಸಾಹೇಬರು ಬಂದರು. ದೇವದುರ್ಗದ ಕಡೆಯ ತರುಣ, ನಿಯಮವೆಂದರೆ ಭಕ್ತಿ, ಮಿರ್ಚಿಯೆಂದರೆ ಅದಕ್ಕಿಂತ ಒಂದು ತೂಕ ಹೆಚ್ಚು. “ನಿಲ್ಲಂಗಿಲ್ಲ ಖಾಲಾ, ಮುಂದ ನಡೀರಿ,” ಎಂದರು.

“ನಿಮ್ಮ ಮಿರ್ಚಿ ಅರ್ಧಾ ಬೆಂದದ. ನಿಲ್ಲಲ್ಯಾ, ನಡೀಲ್ಯಾ?”

ಸಾಹೇಬರು ಬಾಣಲೆ ನೋಡಿದರು, ರಸ್ತೆ ನೋಡಿದರು. “ಇವು ಇಳೀಲಿ. ಆಮ್ಯಾಗ ನಡೀರಿ.”

ಮಿರ್ಚಿ ಇಳಿದವು. ಎಣ್ಣೆಯ ಬಾಣಲೆಯನ್ನು ಕೆಳಗಿಟ್ಟು, ನಾನೂ ಇಬ್ಬರು ಆಟೋದವರೂ ಹೆಗಲು ಕೊಟ್ಟು ತಳ್ಳಿದೆವು. ಗಾಡಿ ಕಿರುಚಿದ ಸದ್ದಿಗೆ ಬಸ್ಸಿನಲ್ಲಿ ಮಲಗಿದ್ದ ಡ್ರೈವರ್ ಎದ್ದು ಕುಳಿತ. ತಿನ್ನುತ್ತಿದ್ದ ಗಿರಾಕಿಗಳು ಕಾಗದದಲ್ಲಿ ಒಗ್ಗರಣಿ ಹಿಡಿದುಕೊಂಡು ಮದುವೆ ದಿಬ್ಬಣದಂತೆ ಹಿಂದೆ ಬಂದರು. ಕೈ ಒರೆಸಿಕೊಳ್ಳುತ್ತ ಸಾಹೇಬರೂ ಬಂದರು. ಗಾಡಿ ನನ್ನ ತಾಡಪಾಲಿನ ಎಡಗಡೆಯಿಂದ ಬಲಗಡೆಗೆ ಬಂದು ನಿಂತಿತು. ಮಧ್ಯಾಹ್ನ ಅವರು ಮತ್ತೆ ಬಂದಾಗ ಬಲದಿಂದ ಎಡಕ್ಕೆ ತಳ್ಳಿಸಿದಳು.

“ಇದೇನ್ ಖಾಲಾ, ಹಿಂದಕ್ಕ ಬಂದ್ರಿ?”

“ನಡೀರಿ ಅಂದ್ರಿ, ನಡದೆ. ಹಿಂದಕ್ಕ ಬರಬ್ಯಾಡ ಅಂತ ಎಲ್ಲಿ ಬರದದ?”

ಅಂದಿನಿಂದ ಅದೇ ಪದ್ಧತಿಯಾಯಿತು. ಬೆಳಿಗ್ಗೆ ಬಲಕ್ಕೆ, ಮಧ್ಯಾಹ್ನ ಎಡಕ್ಕೆ. ನಡುವೆ ಗಡಿಗಲ್ಲಿನಂತೆ ನಾನು. ನಕ್ಕೂ ನಕ್ಕೂ ತಳ್ಳುತ್ತಿದ್ದೆವು. ಆದರೆ ಖಾಲಾಳ ಮಂಡಿ ನಗುತ್ತಿರಲಿಲ್ಲ. ಸಂಜೆ ಹೊತ್ತಿಗೆ ಗಾಡಿಯ ಕಟ್ಟಿಗೆ ಹಿಡಿದು ನಿಂತುಬಿಡುತ್ತಿದ್ದಳು. ಅದು ಸಾಹೇಬರಿಗೂ ಕಂಡಿತು. ಒಂದು ದಿನ ಮಿರ್ಚಿ ತಿನ್ನುವುದನ್ನು ಬಿಟ್ಟು ಹೇಳಿದರು: “ಖಾಲಾ, ಇಲ್ಲಿ ಮತ್ತೊಂದು ಜಾಗ ಇಲ್ಲ. ಈ ಹುಡುಗನ್ನ ಊರ ಹೊರಗಿನ ಹೊಸ ಸಂತಿಕಟ್ಟಿಗೆ ಕಳಸಿ, ಅಂವನ ಜಾಗ ನಿಮಗ ಮಾಡಸ್ತೀನಿ.”

ಆ ಹೊಸ ಕಟ್ಟೆಗೆ ಹೋಗಿ ಕುಳಿತರೆ ನಾಯಿಗಳಿಗೆ ಬಾಚಣಿಗೆ ಮಾರಬೇಕಾಗುತ್ತಿತ್ತು. ಖಾಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಅಂವನ್ನ ನಡಸಿದ್ರ ಸತ್ತ ಹೋಗ್ತಾನ್ರಿ, ಅಷ್ಟು ಸೋಮಾರಿ. ನನಗೇನಾಗ್ಯದ? ಗಾಡಿಗಿ ಗಾಲಿ ಅದಾವ.” ನನ್ನ ಕಡೆ ತಿರುಗಿ, “ಲೇ, ಏನ್ ನೋಡ್ತಿ, ತಳ್ಳು,” ಎಂದಳು. ನಾನು ತಳ್ಳಿದೆ. ಕಣ್ಣು ತುಂಬಿದ್ದವು, ಮೆಣಸಿನಕಾಯಿ ಘಾಟು ಎಂದು ಆಟೋದವನಿಗೆ ಸುಳ್ಳು ಹೇಳಿದೆ.

ಹೋದ ಚಳಿಗಾಲದಲ್ಲಿ ಖಾಲಾ ನಿದ್ದೆಯಲ್ಲೇ ಹೋದಳು. ಅವಳನ್ನು ಹೊತ್ತ ಜನಾಜಾ ಬಸ್ ನಿಲ್ದಾಣದ ಮುಂದೆ ಹಾದು ಹೊರಟಿತು. ನಾನೂ ಹೆಗಲು ಕೊಟ್ಟಿದ್ದೆ. ನಮ್ಮ ಜಾಗದ ಹತ್ತಿರ ಸಾಹೇಬರು ಚಪ್ಪಲಿ ಬಿಟ್ಟು ನಿಂತಿದ್ದರು.

“ಇಲ್ಲಿ ಒಂದೀಟು ನಿಲ್ಲಸ್ರಿ,” ಎಂದರು.

ಮುಂದಿದ್ದ ಹಿರಿಯರು ಮೆಲ್ಲಗೆ ಹೇಳಿದರು: “ನಿಲ್ಸೋ ರಿವಾಜ್ ಇಲ್ರಿ ಸಾಹೇಬ್ರ. ಜನಾಜಾ ನಡೀತಾ ಇರಬೇಕು.”

ಸಾಹೇಬರು ನನ್ನ ಹಿಂದೆ ಬಂದು ಹೆಗಲು ಕೊಟ್ಟರು. ತಾಡಪಾಲಿನ ಎಡಗಡೆಯಿಂದ ಬಲಗಡೆಗೆ ದಾಟಿದೆವು. ದಿನವೂ ಹಾಗೆ ದಾಟಿದವಳು ಮಧ್ಯಾಹ್ನಕ್ಕೆ ಹಿಂದಕ್ಕೆ ಬರುತ್ತಿದ್ದಳು.

ಅವಳು ಬರೆಸಿಕೊಟ್ಟ ಜಾಗದಲ್ಲಿ ನಾನು ಇವತ್ತಿಗೂ ಕೂಡುತ್ತೇನೆ. ಕುಂತರೆ ಏಳುವುದಿಲ್ಲ.