ತೆಲ್ಮೊನ ಮೂಗು

ನಮ್ಮ ಕೆಮ್ಚಿಯ ಬಂದರಿನಲ್ಲಿ ಲೇತ್ ಇಟ್ಟುಕೊಂಡಿದ್ದ ತೆಲ್ಮೊ ಬರಿಯಾ ನನ್ನ ಭಾವ, ಅಕ್ಕ ಓರ್ಫೆಲಿನಾಳ ಗಂಡ. ಅವನ ಶೆಡ್ಡಿಗೆ ಆತುಕೊಂಡೇ ನನ್ನ ಒಲೆ. ಅಲ್ಲಿ ನಾನು ಆಲೂಗಡ್ಡೆ ತುರಿದು ಮಿಲ್ಕಾವೊ ರೊಟ್ಟಿ ಕರಿಯುತ್ತೇನೆ. ಜನ ನನ್ನ ಮಿಲ್ಕಾವೊ ತಿನ್ನುವುದಕ್ಕಿಂತ ಭಾವನ ಮೂಗು ನೋಡಲು ಹೆಚ್ಚಾಗಿ ಬರುತ್ತಿದ್ದರು. ಹೊಟ್ಟೆಕಿಚ್ಚಿನ ಮಾತಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ದೋಣಿಯ ಹಿಂದಿನ ಫ್ಯಾನನ್ನು ತಿರುಗಿಸುವ ಶಾಫ್ಟು ನೀರಿನೊಳಗೆ ಒಂದು ಬುಷ್ಷಿನ, ಅಂದರೆ ದಪ್ಪ ಬಳೆಯಂಥ ಕೊಳವೆಯ, ನಡುವೆ ತಿರುಗುತ್ತದೆ. ಮೊದಲೆಲ್ಲ ಅದು ಕಂಚಿನದೇ. ಆಮೇಲೆ ಬಿಳಿ ಪ್ಲಾಸ್ಟಿಕ್ ಸರಳುಗಳು ಬಂದವು, ಅಲ್ಲಿಂದ ಶುರುವಾಯಿತು ತಲೆನೋವು. ನೈಲಾನೂ ಬಿಳಿ, ಅಸಿಟಾಲೂ ಬಿಳಿ. ಎರಡೂ ಗಟ್ಟಿ, ಎರಡೂ ನೀರಲ್ಲಿ ಮುಳುಗುತ್ತವೆ. ಆದರೆ ನೈಲಾನ್ ನೀರು ಕುಡಿದು ಊದುತ್ತದೆ, ಅದನ್ನು ಸಡಿಲವಾಗಿ ಕೊರೆಯಬೇಕು. ಅಸಿಟಾಲ್ ಊದುವುದಿಲ್ಲ, ಬಿಗಿಯಾಗಿ ಕೊರೆದರೂ ನಡೆಯುತ್ತದೆ. ನೈಲಾನನ್ನು ಅಸಿಟಾಲ್ ಎಂದು ತಿಳಿದು ಕೊರೆದರೆ ಕೆಲವು ದಿನಗಳಲ್ಲೇ ಬುಷ್ಷು ಶಾಫ್ಟಿನ ಕತ್ತು ಹಿಸುಕುತ್ತದೆ. ಚಕಾವೊ ಜಲಸಂಧಿಯ ಸೆಳೆತದಲ್ಲಿ ಇಂಜಿನ್ ನಿಂತರೆ ಮತ್ತೆ ಮೀನುಗಾರರನ್ನು ಕಾಯುವ ಸಂತ ಪೇದ್ರೊನೇ ಗತಿ.

ಭಾವನ ಪರೀಕ್ಷೆ ಒಂದೇ. ಸರಳಿನ ಸಿಪ್ಪೆಗೆ ಬೆಂಕಿಕಡ್ಡಿ ಹಿಡಿದು, ಕಣ್ಣು ಮುಚ್ಚಿ, ಹೊಗೆ ಮೂಸುವುದು. ಸುಟ್ಟ ಕೂದಲಿನ ವಾಸನೆ ಬಂದರೆ ನೈಲಾನ್, ಆಸ್ಪತ್ರೆಯ ವಾಸನೆ ಬಂದರೆ ಅಸಿಟಾಲ್. ಉರಿಯ ಬಣ್ಣ ನೋಡಿಯೂ ಹೇಳಬಹುದಂತೆ. ಆದರೆ ಕಣ್ಣು ಮುಚ್ಚದೆ ನಮ್ಮ ಭಾವನಿಗೆ ಆಟ ರಂಗೇರುತ್ತಿರಲಿಲ್ಲ. "ಕಣ್ಣಿಗೆ ಮಣ್ಣೆರಚಬಹುದು, ಮೂಗಿಗೆ ಎರಚೋಕಾಗಲ್ಲ" ಎನ್ನುತ್ತಿದ್ದ. ದೋಣಿಯವರು ಚಪ್ಪಾಳೆ ಹೊಡೆಯುತ್ತಿದ್ದರು.

ಚಳಿಗಾಲದ ಜ್ವರದಲ್ಲಿ ಆ ಮೂಗು ಸತ್ತುಹೋಯಿತು. ಯಾರಿಗೂ ಹೇಳಲಿಲ್ಲ, ಕಟ್ಟಿಕೊಂಡವಳಿಗೂ. ಒಂದು ದಿನ ನನ್ನ ಬಾಣಲೆಯ ಕೊಬ್ಬು ಸೀದು ಬೀದಿಯೇ ಮೂಗು ಮುಚ್ಚಿಕೊಂಡಾಗ ಅವನು ಮಾತ್ರ ಪಕ್ಕದಲ್ಲೇ ಆರಾಮಾಗಿ ನಿಂತಿದ್ದ.

"ಏನ್ ಭಾವ, ಮೂಗು ಅಡವಿಟ್ಟು ಬಂದ್ಯಾ?" ಎಂದು ಕೆಣಕಿದೆ.

"ಶೀತ ಕಣೇ" ಎಂದ. ನಂಬಿದೆ.

ಮೂಗು ಹೋದ ಮೇಲೆ ಅವನು ಸರಳು ಇಟ್ಟ ಜಾಗವನ್ನು ನಂಬಿದ. ಕಿಟಕಿ ಪಕ್ಕದ್ದು ಅಸಿಟಾಲ್, ಬಾಗಿಲ ಪಕ್ಕದ್ದು ನೈಲಾನ್. ಆದರೂ ಕಡ್ಡಿ ಗೀರುವುದು, ಕಣ್ಣು ಮುಚ್ಚುವುದು, ತಲೆದೂಗುವುದು ಬಿಡಲಿಲ್ಲ. ಮಗಳು ನೆಲ್ದಾಳ ದೋಣಿಗೂ ಹಾಗೆಯೇ ಬುಷ್ ಮಾಡಿಕೊಟ್ಟ.

ನೆಲ್ದಾ ಕಡಲಪಾಚಿಯ ಮೂಟೆ ಹೇರಿಕೊಂಡು ಚಕಾವೊ ದಾರಿಯಾಗಿ ಆಂಕೂದಿಗೆ ಹೊರಟ ಬೆಳಿಗ್ಗೆ, ಭಾವ ಶೆಡ್ಡಿನ ನೀರಿನ ಬಕೆಟ್ಟಿಗೆ ಕೈ ಹಾಕಿದ. ಅವಳ ಬುಷ್ಷು ಮಾಡುವಾಗ ಕತ್ತರಿಸಿ ಉಳಿದ ಉಂಗುರ ಅದರಲ್ಲಿ ನೆನೆಯುತ್ತಾ ಬಿದ್ದಿತ್ತು. ಸುಮ್ಮನೆ ಅದನ್ನು ಅಳತೆಯ ಶಾಫ್ಟಿನ ತುಂಡಿಗೆ ತೊಡಿಸಲು ಹೋದ. ಕೊರೆದ ದಿನ ಜಾರಿ ಕೂತಿದ್ದ ಉಂಗುರ ಈಗ ಹತ್ತಲೊಲ್ಲದು. ಒತ್ತಿದ, ತಿರುಚಿದ, ಹತ್ತಲಿಲ್ಲ.

"ಓರ್ಫೆ! ಬಾರೇ ಇಲ್ಲಿ!"

ಆ ದನಿ ಕೇಳಿ ನಾನೂ ಸೌಟು ಹಿಡಿದುಕೊಂಡೇ ಓಡಿದೆ. ಭಾವ ಉಂಗುರದಿಂದ ಕೆರೆದ ಸಿಪ್ಪೆಗೆ ಕಡ್ಡಿ ಹಚ್ಚಿ ಅಕ್ಕನ ಮುಖಕ್ಕೆ ಹಿಡಿದ.

"ಮೂಸು."

"ನಾನ್ಯಾಕೆ ಮೂಸ್ಲಿ? ಮೂಗಿನ ದೊರೆ ನೀನಲ್ವಾ?"

"ದಮ್ಮಯ್ಯ ಅಂತೀನಿ, ಮೂಸೇ."

ಅಕ್ಕ ಮೂಸಿದಳು. "ಥೂ! ಕೂದಲು ಸುಟ್ಟ ಹಾಗಿದೆ."

"ಈ ಸರಳು ಕಿಟಕಿ ಪಕ್ಕದಲ್ಲಿತ್ತಲ್ಲೇ!"

"ಅಲ್ಲಿ ಸೂರು ಸೋರ್ತಿತ್ತು. ಎಲ್ಲಾನೂ ಎತ್ತಿ ಆಕಡೆ ಈಕಡೆ ಇಟ್ಟೆ. ಅದಕ್ಕೇನೀಗ? ನೀನು ಮೂಸಿಯೇ ತಾನೆ ಮಾಡೋದು?"

ಭಾವ ನೆಲ ನೋಡಿದ. "ನಂಗೆ ವಾಸನೆ ಬರಲ್ಲ ಓರ್ಫೆ. ಜ್ವರ ಬಂದಾಗಿಂದ."

ಅಕ್ಕ ಸಮುದ್ರದ ಕಡೆ ನೋಡಿದಳು. ನೆಲ್ದಾ ಇಷ್ಟು ಹೊತ್ತಿಗೆ ಜಲಸಂಧಿಯ ಬಾಯಿಗೆ ಬಂದಿರಬೇಕು. ಗೋಡೆಯ ಮೇಲೆ ರೇಡಿಯೊ ಇತ್ತು. ಅದರಲ್ಲಿ ಒಬ್ಬರು ಮಾತಾಡಿದರೆ ಸುತ್ತಲಿನ ದ್ವೀಪಗಳ ದೋಣಿಗಳೆಲ್ಲ ಕೇಳುತ್ತವೆ. ಭಾವ ಮೈಕನ್ನು ಕೈಗೆತ್ತಿಕೊಂಡು ನಿಂತೇಬಿಟ್ಟ.

"ಮರ್ಯಾದೆ ಆಮೇಲೆ ಹುಡುಕ್ಕೋ" ಎಂದಳು ಅಕ್ಕ. "ಮೊದಲು ಮಗಳು."

"ನೆಲ್ದಾ, ನೆಲ್ದಾ. ಅಪ್ಪ ಮಾತಾಡ್ತಿರೋದು. ಚಕಾವೊ ಒಳಗೆ ಹೋಗ್ಬೇಡ ಮಗಾ."

ಬರೀ ಗೊರಗೊರ. ಮತ್ತೆ ಕರೆದ, ಮತ್ತೆ ಗೊರಗೊರ. ಅಕ್ಕ ನನ್ನ ರಟ್ಟೆ ಹಿಡಿದುಕೊಂಡಿದ್ದಳು, ಉಗುರು ನಾಟಿದ್ದೂ ಅವಳಿಗೆ ತಿಳಿಯಲಿಲ್ಲ. ಕೊನೆಗೆ ದನಿ ಬಂತು.

"ಕೇಳಿಸ್ತಪ್ಪಾ. ಶಾಫ್ಟು ಯಾಕೋ ಕಿರ್ ಅಂತಿದೆ. ಸೆಳೆತ ತಿರುಗೋದ್ರೊಳಗೆ ದಾಟಿಬಿಡೋಣ ಅಂತ ಜೋರು ಕೊಡ್ತಾ ಇದ್ದೆ."

"ಕೊಡ್ಬೇಡ! ದಡಕ್ಕೆ ತಿರುಗಿಸು. ಲಂಗರು ಹಾಕು. ಬುಷ್ಷು ಊದಿದೆ."

"ಊದುತ್ತಾ? ನೀನೇ ಮೂಸಿ ಕೊಟ್ಟಿದ್ದಲ್ವಾ ಅಪ್ಪಾ?"

ಸಮುದ್ರವೆಲ್ಲ ಕಿವಿಗೊಟ್ಟಿದೆಯೆಂದು ಭಾವನಿಗೆ ಗೊತ್ತಿತ್ತು. "ನನ್ನ ಮೂಗು ಸತ್ತಿದೆ ಮಗಾ. ಮೂಸೋ ಹಾಗೆ ನಾಟಕ ಮಾಡ್ದೆ."

ಮತ್ತೆ ಗೊರಗೊರ. ಎಷ್ಟು ಹೊತ್ತಾಯಿತೋ, ಅವಳ ದನಿ ಸಣ್ಣಗೆ ಬಂತು. "ಲಂಗರು ಕಚ್ಕೊಂಡಿದೆ. ದಡದ ಹತ್ರಾನೇ ಇದೀನಿ, ಹೆದರ್ಬೇಡ."

ಅಕ್ಕ ನನ್ನ ರಟ್ಟೆ ಬಿಟ್ಟಳು. ಭಾವ ಮಾತ್ರ ಮೈಕು ಕೆಳಗಿಡಲಿಲ್ಲ. ಸೂರು ಸೋರಿದ ಮೇಲೆ ಅವನು ಕೊರೆದ ಬುಷ್ಷುಗಳು ಬೇರೆ ದೋಣಿಗಳಲ್ಲೂ ಇದ್ದವು. ಒಂದೊಂದನ್ನೂ ಹೆಸರು ಹಿಡಿದು ಕರೆದ. ಪ್ರತಿ ಸಲವೂ ಮೂಗಿನ ಕತೆಯನ್ನು ಮೊದಲಿಂದ ಹೇಳಬೇಕಾಯಿತು. ಒಬ್ಬೊಬ್ಬರೇ ಓಗೊಟ್ಟು ಇಂಜಿನ್ ನಿಲ್ಲಿಸಿದರು. ಮುದುಕ ಅಬ್ದೋನನ ದೋಣಿ "ದೊಮಿತಿಲಾ" ಮಾತ್ರ ಉತ್ತರ ಕೊಡಲಿಲ್ಲ. ನನ್ನ ಒಲೆ ಆರಿತು, ತುರಿದಿಟ್ಟ ಆಲೂಗಡ್ಡೆ ಕಪ್ಪಾಯಿತು. ಭಾವ ನೀರನ್ನೂ ಮುಟ್ಟದೆ ಅಬ್ದೋನನ ಹೆಸರೊಂದನ್ನೇ ಕೂಗುತ್ತಿದ್ದ. ಹೊತ್ತು ಇಳಿಯುವಾಗ ರೇಡಿಯೊ ಕೆಮ್ಮಿತು, ಅಬ್ದೋನನ ದನಿ.

"ಏನ್ ಮೇಸ್ತ್ರಿ, ನನ್ನ ಹೆಸರು ಜಪ ಮಾಡ್ತಿದೀಯಂತೆ? ಜೀವಕ್ಕೇನಿಲ್ಲ, ಕೊಲ್ಲಿಯೊಳಗೇ ಇದೀನಿ, ರೇಡಿಯೊ ಆರಿಸಿಟ್ಟಿದ್ದೆ. ಶಾಫ್ಟು ಗುರುವಾರವೇ ಕಚ್ಕೊಳ್ತು. ಬುಷ್ಷು ನಿಂದು, ಅದರಲ್ಲಿ ತಪ್ಪು ಇರೋಕೇ ಸಾಧ್ಯವಿಲ್ಲ ಅಂತ ಇಡೀ ಇಂಜಿನ್ನು ಬಿಚ್ಚಿ ಹರವಿಕೊಂಡು ಕೂತಿದೀನಿ."

ರೇಡಿಯೊ ತುಂಬ ದೋಣಿಯವರು ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಬೈದಿದ್ದರೆ ಭಾವ ತಡೆದುಕೊಳ್ಳುತ್ತಿದ್ದ, ಮುದುಕನ ಆ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಮೈಕು ಕೆಳಗಿಟ್ಟು, ಲೇತಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟ.